ಹುಳ ತಿಂದಿದ್ರೂ ಪರವಾಗಿಲ್ಲ, ಬಣ್ಣ ಹೋಗಿರಬಾರದು: ಹಳೇ ಗೆಂಜಿ ಪ್ರಿಂಟ್ ತಗೊಳ್ಳೋ ಮುಂಚೆ

ಪ್ರಶ್ನೆ: ಟೋಕಿಯೋದಲ್ಲಿ ಕೆಲಸ ಮಾಡ್ತಿದೀನಿ, ಊರು ಮಂಗಳೂರು. ಜಿಂಬೋಚೋದ ಒಂದು ಅಂಗಡೀಲಿ ಜಪಾನಿನ ಹಳೇ ಗೆಂಜಿ ಕಥೆಯ ಮರದಚ್ಚಿನ ಚಿತ್ರ ನೋಡ್ದೆ. ಮೂರು ಹಾಳೆ ಸೇರಿ ಒಂದು ಚಿತ್ರ, ತೋಯೋಕುನಿ ಅಂತ ಸಹಿ, 1850ರ ದಶಕದ್ದು ಅಂದ್ರು. ಅಂಚು ಕತ್ತರಿಸಿದೆ, ಹುಳದ ತೂತುಗಳಿವೆ, ಹಿಂದೆ ಬೇರೆ ಪೇಪರ್ ಅಂಟಿಸಿದಾರೆ, ಎಡಗಡೆ ಹಾಳೆ ಸ್ವಲ್ಪ ಪೇಲವ. ಹೆಚ್ಚುಕಮ್ಮಿ ಅದೇ ರೇಟಿಗೆ ಓಗಾತಾ ಗೆಕ್ಕೋ ಅನ್ನೋರ ಗೆಂಜಿ ಚಿತ್ರ ಒಂದು ಹಾಳೆ ಇದೆ, ಅಂಚೆಲ್ಲ ಪೂರ್ತಿ, ನೋಡಕ್ಕೆ ಹೊಸದರ ಥರ. ಯಾವುದು ತಗೊಳ್ಳಲಿ? ರಿಪೇರಿ ಮಾಡಿಸಿ ಮಂಗಳೂರಿನ ಮನೆ ಹಾಲ್‌ನಲ್ಲಿ ಹಾಕಬಹುದಾ?

ಉತ್ತರ: ನಿಮ್ಮ ಪ್ರಶ್ನೇಲಿ ನನಗೆ ಯೋಚನೆ ಹತ್ತಿಸಿದ್ದು ಹುಳದ ತೂತೂ ಅಲ್ಲ, ಕತ್ತರಿಸಿದ ಅಂಚೂ ಅಲ್ಲ, ಕೊನೇಲಿ ಸುಮ್ನೆ ಸೇರಿಸಿದೀರಲ್ಲ, "ಎಡಗಡೆ ಹಾಳೆ ಸ್ವಲ್ಪ ಪೇಲವ" ಅಂತ, ಅದು. ಪೇಪರ್‌ಗೆ ಆದ ಗಾಯ ಬಹುಪಾಲು ರಿಪೇರಿ ಆಗತ್ತೆ, ಆಗದಿದ್ರೂ ಇದ್ದ ಹಾಗೇ ನಿಲ್ಲತ್ತೆ. ಹೋದ ಬಣ್ಣವನ್ನ ಎಂಥಾ ನುರಿತ ಕೈಯೂ ವಾಪಸ್ ತರಕ್ಕಾಗಲ್ಲ. ಕಂಡಿಶನ್ ಅಂದ ಕೂಡ್ಲೆ ಜನ ತೂತು ಎಣಿಸಕ್ಕೆ ಕೂರ್ತಾರೆ, ತೂತು ಕಣ್ಣಿಗೆ ಬೇಗ ಬೀಳತ್ತೆ ನೋಡಿ, ಅದಕ್ಕೆ. ಬಣ್ಣ ಹೋಗಿರೋದು ಗೊತ್ತಾಗ್ಬೇಕು ಅಂದ್ರೆ ಮುಂಚೆ ಅಲ್ಲಿ ಏನಿತ್ತು ಅಂತ ತಿಳಿದಿರ್ಬೇಕು.

ಮೊದಲು ನೀವು ನೋಡಿರೋದು ಏನು ಅಂತ ನೋಡೋಣ. ಮುರಾಸಾಕಿ ಶಿಕಿಬು 11ನೇ ಶತಮಾನದ ಶುರುವಲ್ಲಿ ಬರೆದ 54 ಅಧ್ಯಾಯದ ಗೆಂಜಿ ಕಥೆ ಇದೆಯಲ್ಲ, ನಿಮ್ಮ ಪ್ರಿಂಟ್ ಅದರ ನೇರ ಚಿತ್ರ ಆಗಿರೋ ಚಾನ್ಸ್ ಕಮ್ಮಿ. ರ್ಯೂತೇಯ್ ತಾನೆಹಿಕೋ ಅನ್ನೋ ಲೇಖಕ 1829ರಿಂದ 1842ರವರೆಗೆ ನಿಸೆ ಮುರಾಸಾಕಿ ಇನಾಕಾ ಗೆಂಜಿ ಅಂತ ಕಂತುಕಂತಾಗಿ ಒಂದು ಅಣಕು ಕಥೆ ಬರೆದ, ಅರಮನೆಯ ಆ ಹಳೇ ಕಥೇನ ಎತ್ತಿ ಅಶಿಕಾಗಾ ಮನೆತನದ ಸೇನಾ ದೊರೆಗಳಾದ ಷೋಗನ್‌ಗಳ ಕಾಲಕ್ಕೆ ತಂದು ಕೂರಿಸಿ ನಾಯಕನಿಗೆ ಮಿತ್ಸುಉಜಿ ಅಂತ ಹೆಸರಿಟ್ಟ, ಬಟ್ಟೆಬರೆ ಮನೆಮಠ ಎಲ್ಲ ತನ್ನ ಕಾಲದ ಎಡೋ (ಈಗಿನ ಟೋಕಿಯೋ) ಜನಕ್ಕೆ ಇಷ್ಟ ಆಗೋ ಹಾಗೆ. ಅದಕ್ಕೆ ಚಿತ್ರ ಬರೆದಿದ್ದು ಉತಾಗಾವಾ ಕುನಿಸಾದಾ. ಜನ ಮುಗಿಬಿದ್ದು ಓದಿದ್ರು. 1842ರಲ್ಲಿ ತೆನ್ಪೋ ಸುಧಾರಣೆ ಅಂತ ಸರ್ಕಾರ ಬಿಗಿ ಮಾಡಿದಾಗ ಪುಸ್ತಕ ನಿಂತೋಯ್ತು, ಅದೇ ವರ್ಷ ತಾನೆಹಿಕೋನೂ ತೀರ್ಕೊಂಡ. ಆದ್ರೆ ಮಿತ್ಸುಉಜಿಯ ಕ್ರೇಜ್ ನಿಲ್ಲಲಿಲ್ಲ. ಬಿಗಿ ಸಡಿಲ ಆದ್ಮೇಲೆ ಕುನಿಸಾದಾ, ಅಷ್ಟೊತ್ತಿಗೆ ಅಂದ್ರೆ 1844ರಿಂದ ತೋಯೋಕುನಿ ಅಂತ ಗುರುವಿನ ಹೆಸರು ತಗೊಂಡಿದ್ದ, ಈ ನಾಯಕನ್ನ ಇಟ್ಕೊಂಡು ಹೂವಿನ ತೋಟ, ಹಿಮ, ಸಮುದ್ರ ತೀರ, ದೋಣಿ ಅಂತ ಮೂರು ಹಾಳೆಯ ಚಿತ್ರಗಳನ್ನ ಮಾಡ್ತಾನೇ ಹೋದ. ಗೆಂಜಿ-ಎ ಅಂತ ಅಂಗಡೀಲಿ ಕರೆಯೋದು ಬಹುಪಾಲು ಇವನ್ನೇ.

ಗುರುತು ಹಿಡಿಯೋದು ಸುಲಭ. ಗಂಡಸಿನ ಜುಟ್ಟು ನೋಡಿ, ತುದಿ ಸೀಗಡಿ ಬಾಲದ ಹಾಗೆ ಕವಲಾಗಿ ಮೇಲಕ್ಕೆ ನಿಂತಿದ್ರೆ ಅವನು ಮಿತ್ಸುಉಜಿ. ಆಮೇಲೆ ಎಲ್ಲಾದ್ರೂ ಒಂದು ಮೂಲೇಲಿ ಐದು ಉದ್ದ ಗೆರೆ, ಅವುಗಳಲ್ಲಿ ಕೆಲವು ಮೇಲ್ಗಡೆ ಒಂದಕ್ಕೊಂದು ಸೇರಿರೋ ಒಂದು ಗುರುತು ಇದೆಯಾ ನೋಡಿ. ಇದು ಗೆಂಜಿ-ಮೋನ್. ಸುಗಂಧ ಹೊಗೆ ಮೂಸಿ ಐದರಲ್ಲಿ ಯಾವ್ಯಾವುದು ಒಂದೇ ಅಂತ ಹೇಳೋ ಆಟದಿಂದ ಬಂದಿದ್ದು, ಐದನ್ನ ಗುಂಪು ಮಾಡೋ ದಾರಿ ಒಟ್ಟು 52, ಅಧ್ಯಾಯ 54, ಹಾಗಾಗಿ ಇನ್ನೆರಡು ಗುರುತು ಹೆಚ್ಚಿಗೆ ಸೇರಿಸ್ಕೊಂಡ್ರು. ಆ ಗುರುತಿದ್ರೆ ಚಿತ್ರ ಯಾವ ಅಧ್ಯಾಯಕ್ಕೆ ಸೇರಿದ್ದು ಅಂತ ಗೊತ್ತಾಗತ್ತೆ. ಇನ್ನು ಕಾಲ. ಪರಿಶೀಲನೆ ಆಗಿದೆ ಅನ್ನೋ ಅರತಮೆ ಮುದ್ರೆ ಒಂದು, ವರ್ಷ-ತಿಂಗಳು ಹೇಳೋ ಮುದ್ರೆ ಇನ್ನೊಂದು, ಎರಡೂ ಬೇರೆಬೇರೆಯಾಗಿ ಇದ್ರೆ 1853ರ ಕೊನೆಯಿಂದ 1857ರ ಒಳಗಿನದ್ದು, ಅಂಗಡಿಯವರು ಹೇಳಿದ್ದಕ್ಕೆ ಸರಿಹೋಗತ್ತೆ. ಎರಡೂ ಸೇರಿ ಒಂದೇ ಮುದ್ರೆ ಆಗಿದ್ರೆ 1859ರ ಮೇಲಿನದ್ದು.

ಈಗ ಬಣ್ಣ. ಎಡೋ ಕಾಲದ (1868ಕ್ಕಿಂತ ಮುಂಚಿನ) ಕೆಂಪು-ಗುಲಾಬಿ ಬಣ್ಣಗಳಲ್ಲಿ ಮುಖ್ಯವಾದದ್ದು ಬೆನಿ, ನಮ್ಮಲ್ಲೂ ಬೆಳೆಯೋ ಕುಸುಬೆ ಹೂವಿಂದ ತೆಗೆಯೋ ಬಣ್ಣ. ಬೆಳಕು ಬಿದ್ರೆ ಸಾಕು, ಹೋಗಿಬಿಡತ್ತೆ. ಹಳೇ ಕಾಲದ ತಿಳಿನೀಲಿ ತ್ಸುಯುಕುಸಾ ಅನ್ನೋ ಹೂವಿಂದ, ಅದಕ್ಕೆ ಬೆಳಕೂ ಆಗಲ್ಲ ತೇವಾನೂ ಆಗಲ್ಲ, ಕಂದು ಬೂದಿ ಆಗತ್ತೆ. ಹರುನೊಬು ಅನ್ನೋ ಚಿತ್ರಕಾರ 1760ರ ದಶಕದಲ್ಲಿ ಈಸೆ ಕಥೆಗಳು ಅನ್ನೋ ಹಳೇ ಜಪಾನಿ ಕೃತಿಯ ದೃಶ್ಯಗಳನ್ನ ತನ್ನ ಕಾಲದ ಹುಡುಗಿಯರ ಮೇಲೆ ಆರೋಪಿಸಿ ಮಾಡಿದ ಪ್ರಿಂಟ್‌ಗಳಲ್ಲಿ ಇವತ್ತು ನಮಗೆ ಮಣ್ಣು ಬಣ್ಣ ಕಾಣೋ ನೀರು ಎಷ್ಟೋ ಕಡೆ ಒಂದು ಕಾಲಕ್ಕೆ ನೀಲಿ ಇತ್ತು, ನಾವು "ಆಹಾ ಎಂಥಾ ಸೌಮ್ಯ ಬಣ್ಣ" ಅಂತ ಮೆಚ್ಕೊಳ್ತಿರೋದು ಅರ್ಧ ಹಾಳಾಗಿರೋದನ್ನ. 1830ರ ಹೊತ್ತಿಗೆ ಪ್ರಷ್ಯನ್ ಬ್ಲೂ ಬಳಕೆಗೆ ಬಂತು, ಅದು ಗಟ್ಟಿ ಬಣ್ಣ, ನಿಮ್ಮ ಪ್ರಿಂಟಿನ ಆಕಾಶದ ನೀಲಿ ಅದೇ ಆಗಿರೋ ಸಾಧ್ಯತೆ ಜಾಸ್ತಿ. ಹಾಗಾಗಿ ನೀಲಿ ನೋಡಿ "ಬಣ್ಣ ಚೆನ್ನಾಗಿದೆ" ಅಂತ ತೀರ್ಮಾನ ಮಾಡ್ಬೇಡಿ. ಅಂಗಡಿಯವರು ಯಾವಾಗ್ಲೂ ನೀಲೀನೇ ತೋರಿಸ್ತಾರೆ.

ನೋಡಬೇಕಾದ್ದು ನೇರಳೆ. ಗೆಂಜಿ ಪ್ರಿಂಟ್‌ಗಳಲ್ಲಿ ಉಡುಪು, ಪರದೆ, ಸಂಜೆ ಆಕಾಶ, ಎಲ್ಲ ಕಡೆ ನೇರಳೆ ಇರತ್ತೆ, ಆ ಕಾಲದಲ್ಲಿ ಅದನ್ನ ಮಾಡ್ತಿದ್ದದ್ದು ಬೆನಿ ಮತ್ತೆ ಯಾವುದಾದ್ರೂ ಒಂದು ನೀಲಿ ಸೇರಿಸಿ. ಎರಡರಲ್ಲಿ ಒಂದು ಹೋದ್ರೂ ನೇರಳೆ ಇಲ್ಲ. ಕೆಂಪು ಹೋದ್ರೆ ತಣ್ಣನೆ ನೀಲಿ-ಬೂದಿ ಉಳಿಯತ್ತೆ, ಹೂವಿನ ನೀಲಿ ಹೋದ್ರೆ ಕೆಂಪು-ಕಂದು. ಕಿಮೋನೋ ಒಂದು ಹಾಳೇಲಿ ನೇರಳೆ, ಪಕ್ಕದ ಹಾಳೇಲಿ ಅದೇ ಬಟ್ಟೆಯ ಸೆರಗು ಬೂದಿ ಇದ್ರೆ ಆ ಹಾಳೆ ಬೆಳಕಲ್ಲಿ ಇದ್ದದ್ದು ಗ್ಯಾರಂಟಿ. ಹೆಂಗಸರ ತುಟಿ, ಕೊರಳಪಟ್ಟಿ, ಒಳ ಅಂಗಿಯ ಅಂಚು, ಚೆರ್ರಿ ಹೂವು, ಇಲ್ಲೆಲ್ಲ ಗುಲಾಬಿ ಉಳಿದಿದೆಯಾ ನೋಡಿ. ಚೆರ್ರಿ ಹೂವು ಬರೀ ಬಿಳಿ ಪೇಪರ್ ಆಗಿದ್ರೆ ಅಂಗಡಿಯವರಿಗೆ ಮುಗುಳ್ನಕ್ಕು ಹೊರಗೆ ಬನ್ನಿ.

ಇನ್ನೂ ಒಳ್ಳೇ ಪರೀಕ್ಷೆ ಹಾಳೇನ ತಿರುಗಿಸಿ ಹಿಂಬದಿ ನೋಡೋದು. ಕೋಜೋ ಅನ್ನೋ ಗಿಡದ ನಾರಿನ ಪೇಪರ್, ಅದರ ಮೇಲೆ ನೀರಿನ ಬಣ್ಣ ಹಾಕಿ ಬಾರೆನ್ ಅಂತ ಒಂದು ದುಂಡನೆ ಒತ್ತುಗೆಯಿಂದ ಹಿಂದಿಂದ ಉಜ್ಜಿ ಅಚ್ಚು ಒತ್ತಿರ್ತಾರೆ, ಹಾಗಾಗಿ ಬಣ್ಣ ನಾರಿನ ಒಳಗೆ ಇಳಿದು ಹಿಂದಕ್ಕೂ ಸ್ವಲ್ಪ ಕಾಣತ್ತೆ. ಹಿಂದೆ ಗುಲಾಬಿ ತಾಜಾ ಇದ್ದು ಮುಂದೆ ಪೇಲವ ಇದ್ರೆ ಬೆಳಕಿಂದ ಹೋಗಿದೆ ಅಂತ ಅರ್ಥ. ಆದ್ರೆ ನಿಮ್ಮದಕ್ಕೆ ಹಿಂದೆ ಪೇಪರ್ ಅಂಟಿಸಿದಾರೆ, ಆ ಸಾಕ್ಷಿ ಮುಚ್ಚಿಹೋಗಿದೆ. ಬ್ಯಾಕಿಂಗ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಆಗ ಫ್ರೇಮ್ ಇಂದ ಅಥವಾ ಮೌಂಟ್ (ಚಿತ್ರದ ಸುತ್ತ ಕೂರಿಸೋ ಬೋರ್ಡಿನ ಚೌಕಟ್ಟು) ಇಂದ ತೆಗೆದು ತೋರಿಸಕ್ಕೆ ಹೇಳಿ, ಮೌಂಟಿನ ಕೆಳಗೆ ಮುಚ್ಚಿದ್ದ ಅಂಚಲ್ಲಿ ಬಣ್ಣ ಗಾಢವಾಗಿದ್ಯಾ ನೋಡಿ. ಜಿಂಬೋಚೋದ ಒಳ್ಳೇ ಅಂಗಡಿಯವರು ಇದಕ್ಕೆ ಬೇಜಾರು ಮಾಡ್ಕೊಳಲ್ಲ, ಕೈ ಒಣಗಿಸ್ಕೊಂಡು, ಎರಡೂ ಕೈಲಿ ಹಿಡಿದ್ರೆ ಆಯ್ತು.

ಬೆಳಕು ಕಾಣದ ಪ್ರಿಂಟ್ ಹೇಗಿರತ್ತೆ ಅಂತ ಕಣ್ಣಿಗೆ ಪಾಠ ಬೇಕಾದ್ರೆ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಸ್ಪಾಲ್ಡಿಂಗ್ ಸಂಗ್ರಹದ ಫೋಟೋಗಳನ್ನ ನೋಡಿ. ಸ್ಪಾಲ್ಡಿಂಗ್ ಅಣ್ಣತಮ್ಮಂದಿರು 1921ರಲ್ಲಿ ಸುಮಾರು 6,500 ಪ್ರಿಂಟ್ ಕೊಟ್ಟಾಗ ಇವನ್ನ ಯಾವತ್ತೂ ಪ್ರದರ್ಶನಕ್ಕೆ ಇಡಬಾರದು ಅಂತ ಷರತ್ತು ಹಾಕಿದ್ರು. ಆಗ ಎಷ್ಟು ಜನ ಬೈದ್ರೋ, ಆದ್ರೆ ಅದರಿಂದಾನೇ ಆ ಬೆನಿ, ಆ ಹೂವಿನ ನೀಲಿ, ಆ ನೇರಳೆ ಇವತ್ತಿಗೂ ಇದೆ. ಅದರ ಒಂದಿಷ್ಟು ಚಿತ್ರ ನೋಡಿ ಆಮೇಲೆ ಅಂಗಡಿಗೆ ಹೋಗಿ. ಹಾಗೇ ನಿಮ್ಮ ಪ್ರಿಂಟಿನದ್ದೇ ಬೇರೆ ಪ್ರತಿಗಳನ್ನ ರಿತ್ಸುಮೇಕನ್ ಯೂನಿವರ್ಸಿಟಿಯ ಡೇಟಾಬೇಸ್, ನ್ಯಾಷನಲ್ ಡಯಟ್ ಲೈಬ್ರರಿಯ ಡಿಜಿಟಲ್ ಸಂಗ್ರಹ, ಉಕಿಯೋ-ಎ ಡಾಟ್ ಆರ್ಗ್ ಸೈಟ್‌ಗಳಲ್ಲಿ ಹುಡುಕಿ, ಕೊನೇದರಲ್ಲಿ ಫೋಟೋ ಹಾಕಿದ್ರೆ ಅದೇ ಹುಡುಕಿ ಕೊಡತ್ತೆ. ಕತ್ತರಿಸಿದ್ದು ಎಷ್ಟು ಅಂತಾನೂ ಅಲ್ಲೇ ಗೊತ್ತಾಗತ್ತೆ.

ಪೇಲವ ಅನ್ನೋದಕ್ಕೆ ಇನ್ನೊಂದು ಕಾರಣ ಇರಬಹುದು, ಮೂರು ಹಾಳೆ ಒಂದೇ ಸೆಟ್ ಆಗಿಲ್ಲದೇ ಇರೋದು. ಎಲ್ಲಿಂದಲೋ ಎರಡು ಸಿಕ್ಕಿದೆ, ಮೂರನೇದು ಬೇರೆ ಕಡೆಯಿಂದ ತಂದು ಜೋಡಿಸಿದಾರೆ, ಇದು ತುಂಬಾ ಮಾಮೂಲಿ, ಮೋಸ ಅಂತ ಅನ್ನಕ್ಕಾಗಲ್ಲ ಆದ್ರೆ ಹೇಳಿ ಮಾರಬೇಕು. ಆಕಾಶದಲ್ಲಿ ಗಾಢದಿಂದ ತೆಳುವಾಗೋ ಬೊಕಾಶಿ ಮೂರು ಹಾಳೆಗೂ ಒಂದೇ ಎತ್ತರದಲ್ಲಿ ಹರಿದಿದೆಯಾ, ಪೇಪರ್ ಬಣ್ಣ ಒಂದೇನಾ ನೋಡಿ. ಇಲ್ಲೇ ಹುಳದ ತೂತು ನಿಮ್ಮ ಸಹಾಯಕ್ಕೆ ಬರೋದು. ಹುಳ ಒಂದರ ಮೇಲೊಂದು ಇಟ್ಟ ಹಾಳೆಗಳನ್ನ ಕೊರ್ಕೊಂಡು ನೇರ ಇಳಿಯತ್ತೆ. ಮೂರೂ ಹಾಳೇಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ತೂತಿದ್ರೆ ಇವು ಬಹಳ ಕಾಲದಿಂದ ಒಟ್ಟಿಗೇ ಇದ್ದವು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸರ್ಟಿಫಿಕೇಟ್ ಬೇಡ. ಎಡಗಡೆ ಹಾಳೇಲಿ ಮಾತ್ರ ತೂತಿನ ನಕ್ಷೆ ಬೇರೆ ಇದ್ರೆ ಅದು ಹೊರಗಿಂದ ಬಂದ ಹಾಳೆ ಅಂತ ಅನುಮಾನ ಪಡಿ.

ತೂತಿನ ವಿಷಯ ಇಷ್ಟೇ. ಹೊಸ ಪುಡಿ ಉದುರ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಮುಖದ ಮೇಲೆ ಇಲ್ಲದಿದ್ರೆ ತಲೆ ಕೆಡಿಸ್ಕೋಬೇಡಿ.

ಅಂಚಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಸಾಹಿತ್ಯದ ಪ್ರಿಂಟ್‌ಗಳಲ್ಲಿ ಅಂಚು ಕತ್ತರಿಸಿದ್ರೆ ಬರೀ ಪೇಪರ್ ಹೋಗಲ್ಲ, ಎಷ್ಟೋ ಸಲ ಅಕ್ಷರ ಹೋಗತ್ತೆ. ಓಬಾನ್ ಹಾಳೆ ಅಂದ್ರೆ ಸುಮಾರು 38-39 ಸೆಂಟಿಮೀಟರ್ ಉದ್ದ, 26 ಅಗಲ. ಕೊಂಡವರು ಇವನ್ನ ಮಡಚೋ ಆಲ್ಬಮ್‌ಗೆ ಅಂಟಿಸ್ಕೊಳ್ತಿದ್ರು, ಅಂಟಿಸೋವಾಗ ಚೌಕಟ್ಟಿನ ಗೆರೆಗೆ ಸರಿಯಾಗಿ ಕತ್ತರಿ ಹಾಕ್ತಿದ್ರು, ಪಕ್ಕಪಕ್ಕದ ಹಾಳೆ ಕೂಡಿಸೋಕೆ ಅಂತ ಇನ್ನೊಂಚೂರು ಒಳಗೂ ಹಾಕ್ತಿದ್ರು. ಗೆರೆವರೆಗೆ ಕತ್ತರಿಸಿದ್ರೆ ಪರವಾಗಿಲ್ಲ, ಆ ಕಾಲದ ಮೂರು ಹಾಳೆಯ ಚಿತ್ರಗಳಲ್ಲಿ ಅದು ಸಾಮಾನ್ಯ, ಅದೂ ಅಲ್ದೆ ಆಲ್ಬಮ್ ಒಳಗೆ ಮುಚ್ಚಿಟ್ಟಿದ್ದಕ್ಕೇ ಎಷ್ಟೋ ಪ್ರಿಂಟಿನ ಬಣ್ಣ ಉಳಿದಿರೋದು. ಚಿತ್ರದ ಒಳಗೆ ಕತ್ತರಿಸಿದ್ರೆ ಬೇರೆ ಮಾತು. ಗೆಂಜಿ-ಮೋನ್ ಅರ್ಧ ಹೋಗಿದ್ಯಾ, ಪ್ರಕಾಶಕರ ಮುದ್ರೆ ಇದ್ಯಾ, ಕೆತ್ತಿದವರ ಹೆಸರಿದ್ಯಾ ನೋಡಿ. ಯೊಕೊಕಾವಾ ತಾಕೆಜಿರೋ ಅನ್ನೋ ಕೆತ್ತನೆಗಾರ ಹೋರಿ ತಾಕೆ ಅಂತ ಹೆಸರು ಹಾಕ್ತಿದ್ದ, ಆ ಹೆಸರು ಕುನಿಸಾದಾನ ಪ್ರಿಂಟ್ ಮೇಲೆ ಸಿಕ್ಕಿದ್ರೆ ಖುಷಿಪಡೋ ವಿಷಯ.

ನೂರು ಕವಿಗಳ ನೂರು ಪದ್ಯ ಅಂತ 13ನೇ ಶತಮಾನದಲ್ಲಿ ಫುಜಿವಾರಾ ನೋ ತೇಯ್ಕಾ ಕೂಡಿಸಿದ ಸಂಕಲನ ಇದೆಯಲ್ಲ, ಅದಕ್ಕೆ ಹೊಕುಸಾಯ್ ಅನ್ನೋ ಚಿತ್ರಕಾರ 1835-36ರ ಸುಮಾರಿಗೆ ಮಾಡಿದ ಸರಣೀಲಿ ನೂರಕ್ಕೆ 27 ಮಾತ್ರ ಪ್ರಿಂಟ್ ಆಗಿ ಹೊರಬಂತು. ಅದು ಅಜ್ಜಿಯೋ ದಾದಿಯೋ ತನಗೆ ತಿಳಿದಂಗೆ ಪದ್ಯ ವಿವರಿಸೋ ತಮಾಷೆ, ಹಾಗಾಗಿ ಮೇಲೆ ಚೌಕದಲ್ಲಿ ಪದ್ಯ ಇದ್ರೇನೇ ಕೆಳಗಿನ ಚಿತ್ರ ಯಾಕೆ ಹಾಗಿದೆ ಅಂತ ಹೊಳೆಯೋದು. ಆ ಚೌಕದ ಪಕ್ಕಕ್ಕೆ ಕತ್ತರಿ ಬಿದ್ದ ಪ್ರತಿಗಿಂತ ಕೆಳಗೆ ನೀರಿನ ಕಲೆ ಇರೋ ಪ್ರತೀನೇ ನಾನು ತಗೊಳ್ಳೋದು.

ಇನ್ನು ಅಚ್ಚಿನ ಗುಣ. ಜಪಾನಿನವರು ಪ್ರಿಂಟ್ ಬಗ್ಗೆ ಮಾತಾಡೋವಾಗ ಸುರಿ ಬೇರೆ, ಹೋಜೋನ್ ಬೇರೆ ಅಂತಾರೆ, ಅಂದ್ರೆ ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ ಅನ್ನೋದು ಒಂದು, ಆಮೇಲೆ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋದು ಇನ್ನೊಂದು. ನೀವೂ ಎರಡನ್ನೂ ಬೇರೆಬೇರೆ ಕೇಳಿ. ಮೊದಲ ಅಚ್ಚು ಶೋಜುರಿ, ಆಮೇಲಿಂದು ಆತೋಜುರಿ. ಹಣೆ ಹತ್ತಿರ ಕೂದಲಿನ ಎಳೆಗಳು ಒಂದೊಂದಾಗಿ ಬಿಡಿಸಿದ ಹಾಗೆ ಕಾಣ್ಬೇಕು, ಅಚ್ಚಿನ ಹಲಗೆ ಸವೆದ್ಮೇಲೆ ಅವು ಮೆತ್ಕೊಂಡು ಕಪ್ಪು ಪಟ್ಟಿ ಆಗತ್ತೆ. ಹಾಳೇನ ಬೆಳಕಿಗೆ ಓರೆ ಮಾಡಿ ಹಿಡಿದ್ರೆ ಕಪ್ಪು ಬಟ್ಟೆ ಮೇಲೆ ಉಜ್ಜಿ ಹೊಳಪು ತಂದ ವಿನ್ಯಾಸ, ಬಿಳಿ ಹಿಮದಲ್ಲೋ ಕೊರಳಪಟ್ಟೀಲೋ ಶಾಯಿ ಇಲ್ಲದೆ ಒತ್ತಿದ ಉಬ್ಬು ಕಾಣಬಹುದು. ಈ ಉಬ್ಬು ಬ್ಯಾಕಿಂಗ್ ಮಾಡೋವಾಗ ಒದ್ದೆ ಮಾಡಿ ಒತ್ತಿದ್ರೆ ಚಪ್ಪಟೆ ಆಗಿಹೋಗತ್ತೆ. ಅಂಗಡಿ ಚೀಟೀಲಿ ಮುಶಿಕುಯಿ ಅಂದ್ರೆ ಹುಳ ತಿಂದಿದ್ದು, ಉರಾಉಚಿ ಅಂದ್ರೆ ಬ್ಯಾಕಿಂಗ್, ಶಿಮಿ ಕಲೆ, ಓರೆ ಮಡಿಕೆ ಗುರುತು, ತಾಯ್ಶೋಕು ಬಣ್ಣ ಹೋಗಿರೋದು. ಕೊನೇ ಪದ ಚೀಟೀಲಿ ಬರೆಯೋರು ಕಮ್ಮಿ, ನೀವೇ ಬಾಯಿ ಬಿಟ್ಟು ಕೇಳ್ಬೇಕು.

ಗೆಕ್ಕೋ ಹಾಳೆಗೆ ಬರೋಣ. ಗೆಕ್ಕೋ 54 ಅಧ್ಯಾಯಕ್ಕೂ ಸರಣಿ ಮಾಡಿದ್ದು 1890ರ ದಶಕದ ಶುರುವಲ್ಲಿ, ಇದು ಮಿತ್ಸುಉಜಿ ಅಲ್ಲ, ನಿಜವಾದ ಮುರಾಸಾಕಿಯ ಗೆಂಜಿ, ಕುಂಚದ ನೀರುಬಣ್ಣದ ಥರ ಮೆತ್ತಗಿನ ಚಿತ್ರ. ಮೇಜಿ ಕಾಲದ (1868-1912) ಬಹಳಷ್ಟು ಪ್ರಿಂಟ್‌ಗಳಲ್ಲಿ ತಾರೀಕು, ಪ್ರಕಾಶಕರ ಹೆಸರು, ವಿಳಾಸ ಅಂಚಲ್ಲೇ ಇರತ್ತೆ, ಹಾಗಾಗಿ ಅಂಚು ಪೂರ್ತಿ ಇರೋದು ಅಲ್ಲಿ ನಿಜವಾಗ್ಲೂ ಬೆಲೆಯಿರೋ ವಿಷಯ. "ಹೊಸದರ ಥರ" ಅಂದಿದ್ದಕ್ಕೆ ಹೆದರ್ಬೇಡಿ, ಮೇಜಿ ಪ್ರಿಂಟ್‌ಗಳು ಚೆನ್ನಾಗಿ ಉಳಿದಿರೋದು ಅಪರೂಪ ಅಲ್ಲ. ಹೊಸದರ ಥರ ಇರೋ ಹರುನೊಬು ಯಾರಾದ್ರೂ ತೋರಿಸಿದ್ರೆ ಮಾತ್ರ ಅದು ಆಮೇಲೆ ಹೊಸ ಹಲಗೆ ಕೆತ್ತಿ ಮಾಡಿದ ಪ್ರತಿ ಅಂತ ಮೊದಲು ಅಂದ್ಕೊಳ್ಳಿ. ಗೆಕ್ಕೋನ ಹಾಳೇಲಿ ಬಣ್ಣವೆಲ್ಲ ಮೊದಲೇ ತೆಳು, ಹಾಗಾಗಿ ಒಂಚೂರು ಹೋದ್ರೂ ಚಿತ್ರಾನೇ ಹೋದ ಹಾಗೆ, ಅಲ್ಲಿ ಬೊಕಾಶಿ ಮೃದುವಾಗಿ ಉಳಿದಿದ್ಯಾ ನೋಡಿ ತಗೊಳ್ಳಿ. ಇದೇ ಮಾತು ಯೋಶಿತೋಶಿ ಅನ್ನೋ ಚಿತ್ರಕಾರನ ಚಂದ್ರನ ನೂರು ಚಿತ್ರಗಳಿಗೂ (1885-92). ಅದರಲ್ಲಿ ಸೋರೆಬಳ್ಳಿ ನಡುವೆ, ಕಥೆಯಲ್ಲಿ ಗೆಂಜಿಯ ಪ್ರೇಯಸಿಯಾದ ಯೂಗಾವೋಳ ಆತ್ಮ ನಿಂತಿರೋ ಗೆಂಜಿ ಚಿತ್ರ ಒಂದಿದೆ, ಅವಳ ರೇಖೆ ಎಷ್ಟು ತೆಳು ಅಂದ್ರೆ ಸವೆದ ಹಲಗೆಯ ಅಚ್ಚಲ್ಲಿ ದೆವ್ವ ಹೋಗಿ ಸುಮ್ನೆ ಪೆಚ್ಚುಮೋರೆ ಹೆಂಗಸು ಉಳಿಯತ್ತೆ.

ಹಾಗಾದ್ರೆ ಯಾವುದು? ಎಡ ಹಾಳೆಯ ಅಂಚಲ್ಲಿ ನೇರಳೆ ಇದ್ದು ಮಧ್ಯ ಬೂದಿ ಇದ್ರೆ ಬಿಟ್ಟುಬಿಡಿ, ಕುನಿಸಾದಾ ಮಾಡಿದ ಗೆಂಜಿ ಚಿತ್ರಗಳು ರಾಶಿ ಇವೆ, ಇನ್ನೊಂದು ಸಿಗತ್ತೆ, ಅವಸರ ಬೇಡ. ಮೂರು ಹಾಳೇಲೂ ನೇರಳೆ, ಗುಲಾಬಿ ಜೀವಂತ ಇದ್ದು ಎಡದ್ದು ಬರೀ ಅಚ್ಚು ಸ್ವಲ್ಪ ತೆಳು ಅನ್ನೋ ಹಾಗಿದ್ರೆ, ಗೆಂಜಿ-ಮೋನ್ ಪೂರ್ತಿ ಇದ್ರೆ, ಹುಳ ತಿಂದಿದ್ದನ್ನೇ ಹೇಳಿ ಚೌಕಾಸಿ ಮಾಡಿ ತಗೊಳ್ಳಿ. ಇಷ್ಟೆಲ್ಲ ನೋಡಕ್ಕೆ ಪುರಸೊತ್ತಿಲ್ಲ ಅಂದ್ರೆ ಗೆಕ್ಕೋ.

ರಿಪೇರಿ ಅಂತ ದಯವಿಟ್ಟು ಕೈ ಹಾಕಿಸ್ಬೇಡಿ. ಬೆನಿ, ಹೂವಿನ ನೀಲಿ ನೀರಿಗೆ ಬಿಡತ್ತೆ, 1860ರ ದಶಕದಿಂದ ಬಂದ ಅನಿಲಿನ್ ಕೆಂಪು ನೇರಳೆಗಳು ಇನ್ನೂ ಜೋರಾಗಿ ಹರಡ್ಕೊಳ್ಳತ್ತೆ. ಬ್ಲೀಚ್ ಮಾಡಿ "ಕ್ಲೀನ್" ಮಾಡಿದ ಪೇಪರ್ ಸುಣ್ಣದ ಗೋಡೆ ಬಿಳುಪಿಗೆ ಬಂದು ನಿಂತಿರತ್ತೆ, ನೋಡಿದ್ರೇನೇ ಸಂಕಟ. ಬ್ಯಾಕಿಂಗ್ ಎಳೆದು ಸುಕ್ಕು ಬರಿಸ್ತಿಲ್ಲ ಅಂದ್ರೆ ಅದೂ ಹಾಗೇ ಇರಲಿ. ನಿಜವಾಗ್ಲೂ ಮಾಡಿಸ್ಬೇಕಾದ್ದು ಇದ್ರೆ ಟೋಕಿಯೋದಲ್ಲೇ ಪೇಪರ್ ಕನ್ಸರ್ವೇಟರ್ (ಹಳೇ ಪೇಪರ್ ಕಾಪಾಡೋ ತಜ್ಞರು) ಹತ್ತಿರ ಮಾಡಿಸಿ, ಇಲ್ಲಿಗೆ ಬಂದ್ಮೇಲೆ ಬೇಕಾದ್ರೆ ಬೆಂಗಳೂರಲ್ಲಿ ಪರಂಪರೆ ಉಳಿಸೋ ಸಂಸ್ಥೆಯಾದ ಇನ್‌ಟ್ಯಾಕ್‌ನ ಕನ್ಸರ್ವೇಶನ್ ಸೆಂಟರ್ ಇದೆ. ಊರಿನ ಫ್ರೇಮ್ ಅಂಗಡಿಯವರು ಪ್ರೀತಿಯಿಂದಾನೇ ಹಾರ್ಡ್‌ಬೋರ್ಡ್‌ಗೆ ಫೆವಿಕಾಲ್ ಹಚ್ಚಿ ಅಂಟಿಸಿ ಕೊಡ್ತಾರೆ, ಲ್ಯಾಮಿನೇಷನ್ ಮಾಡಲಾ ಸರ್ ಅಂತಾನೂ ಕೇಳ್ತಾರೆ. ಬೇಡ. ಆಸಿಡ್ ಇಲ್ಲದ ಬೋರ್ಡಿನ ಕಿಟಕಿ ಮೌಂಟ್, ಜಪಾನಿ ಪೇಪರಿನ ಎರಡು ಸಣ್ಣ ಪಟ್ಟಿ, ಗೋಧಿ ಗಂಜಿಯ ಅಂಟು, ಮೇಲ್ಗಡೆ ಮಾತ್ರ. ಇವೆಲ್ಲ ಟೋಕಿಯೋದಲ್ಲಿ ಸುಲಭವಾಗಿ ಸಿಗತ್ತೆ, ಅಲ್ಲಿಂದಲೇ ಮೌಂಟ್ ಮಾಡಿಸ್ಕೊಂಡು ಬನ್ನಿ. ಸೆಲ್ಲೋ ಟೇಪ್ ಅಂತೂ ಮನೇಲೇ ಬಚ್ಚಿಡಿ.

ಹಾಲ್ ವಿಷಯ. ಮಂಗಳೂರಲ್ಲಿ ಮಳೆಗಾಲದ ತೇವ ನಾನು ನಿಮಗೆ ಹೇಳಬೇಕಾಗಿಲ್ಲ. ಈ ಪೇಪರ್‌ಗೆ ಶೇಕಡಾ 50ರ ಆಸುಪಾಸಿನ ತೇವ ಹಿತ, 65-70 ದಾಟಿ ಹಾಗೇ ನಿಂತ್ರೆ ಬೂಷ್ಟು, ಕಂದು ಚುಕ್ಕೆ, ಬೆಳ್ಳಿ ಹುಳ ಎಲ್ಲ ಸಾಲಾಗಿ ಬರತ್ತೆ. ಹಗಲೆಲ್ಲ ಆಫ್ ರಾತ್ರಿ ಆನ್ ಅನ್ನೋ ಎಸಿ ಇನ್ನೂ ಕೆಟ್ಟದ್ದು, ಪೇಪರ್ ದಿನಾ ಹಿಗ್ಗಿ ಕುಗ್ಗಿ ಬ್ಯಾಕಿಂಗ್ ಜೊತೆ ಜಗಳ ಆಡತ್ತೆ. ಬೆಳಕು (ಅದನ್ನ ಲಕ್ಸ್ ಲೆಕ್ಕದಲ್ಲಿ ಅಳೀತಾರೆ) 50 ಲಕ್ಸ್‌ಗಿಂತ ಹೆಚ್ಚು ಬೇಡ ಅಂತ ಮ್ಯೂಸಿಯಂಗಳು ಇಟ್ಕೊಂಡಿರೋ ಲೆಕ್ಕ, ಅದೂ ಕೆಲವೇ ತಿಂಗಳು ತೋರಿಸಿ ಆಮೇಲೆ ವರ್ಷಗಟ್ಟಲೆ ಒಳಗಿಡ್ತಾರೆ. ಬಾಲ್ಕನಿ ಬಾಗಿಲು ತೆರೆದಿರೋ ಹಾಲ್‌ನಲ್ಲಿ ಅದರ ಎಷ್ಟೋ ಪಟ್ಟು ಇರತ್ತೆ. ಯುವಿ ತಡೆಯೋ ಗಾಜು ಹಾಕಿದೀನಿ ಅಂತ ಸಮಾಧಾನ ಪಟ್ಕೋಬೇಡಿ, ಕಣ್ಣಿಗೆ ಕಾಣೋ ಬೆಳಕೂ ಬೆನೀನ ತಿನ್ನತ್ತೆ, ಗಾಜು ಸ್ವಲ್ಪ ನಿಧಾನ ಮಾಡತ್ತೆ ಅಷ್ಟೇ.

ನನ್ನ ಸಲಹೆ, ಗೋಡೆಗೆ ಬೇರೆ ಹಾಕಿ. ಟೋಕಿಯೋದ ಅದಾಚಿ ಸಂಸ್ಥೆಯವರು ಇವತ್ತಿಗೂ ಹಳೇ ಪದ್ಧತೀಲೇ ಹಲಗೆ ಕೆತ್ತಿ, ಕೈಯಲ್ಲೇ ಒತ್ತಿ ಹೊಸ ಪ್ರತಿ ಮಾಡಿ ಮಾರ್ತಾರೆ, ಅದನ್ನ ತಂದು ಹಾಲ್‌ನಲ್ಲಿ ಧಾರಾಳವಾಗಿ ಹಾಕಿ. ಕುನಿಸಾದಾನ ಮೂರು ಹಾಳೆ ಬೆಡ್‌ರೂಮಿನ ಒಳಗೋಡೆಯ ಬೀರುವಿನಲ್ಲಿ, ಆಸಿಡ್ ಇಲ್ಲದ ಪೆಟ್ಟಿಗೇಲಿ ಮಲಗಿಸಿ, ಜೊತೆಗೆ ಸಿಲಿಕಾ ಜೆಲ್ ಮತ್ತೆ ತೇವ ತೋರಿಸೋ ಒಂದು ಸಣ್ಣ ಮೀಟರ್. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹವೆ ಒಣಗಿರೋವಾಗ ನೆಂಟರು ಬಂದ್ರೆ ಮೇಜಿನ ಮೇಲೆ ತೆಗೆದು ತೋರಿಸಿ, ಅಸಲಿಗೆ ಇವನ್ನ ಮಾಡಿದ್ದೇ ಕೈಯಲ್ಲಿ ಹಿಡಿದು ನೋಡಕ್ಕೆ. ವಿಮಾನದಲ್ಲಿ ತರೋವಾಗ ಸುರುಳಿ ಸುತ್ತಬೇಡಿ, ಬ್ಯಾಕಿಂಗ್ ಇರೋ ಹಾಳೆ ಬಿರುಕು ಬಿಡತ್ತೆ, ಎರಡು ಗಟ್ಟಿ ಬೋರ್ಡಿನ ಮಧ್ಯೆ ಚಪ್ಪಟೆಯಾಗಿ ಇಟ್ಟು ಹ್ಯಾಂಡ್ ಬ್ಯಾಗೇಜಲ್ಲೇ ತನ್ನಿ, ಬಿಲ್ಲು ಜೊತೇಲಿರಲಿ.